ಅಟ್ಟ ಸೇರಿದ ಡಿವಿಆರ್‌ನ ವಿಳಾಸ: ಶಿರಸಿ ಸಮೀಪದ ಮನೆಯೊಂದರ ರೌಟರ್ ಪ್ರಕರಣ

ಕಳೆದ ವರ್ಷ ಜುಲೈ ತಿಂಗಳ ಮಳೆಯಲ್ಲಿ, ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ಅಡಿಕೆ ತೋಟದ ಮನೆಯೊಂದರಿಂದ ನನಗೆ ಕರೆ ಬಂತು. ಕರೆ ಮಾಡಿದವರು ಆ ಮನೆಯ ಸೊಸೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅವರು, ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆ ಆದ ಕಾರಣ ಎರಡು ತಿಂಗಳು ಊರಿನಿಂದಲೇ ಕೆಲಸ ಮಾಡಲು ಅನುಮತಿ ಪಡೆದು ಬಂದಿದ್ದರು. ಬಂದು ಹತ್ತು ದಿನ ಕಳೆಯುವಷ್ಟರಲ್ಲಿ ಕಚೇರಿಯ ಭದ್ರತಾ ವಿಭಾಗದವರು ಅವರಿಗೆ ಇಮೇಲ್ ಕಳಿಸಿದರು: ನಿಮ್ಮ ಲ್ಯಾಪ್‌ಟಾಪಿಗೆ ಹಲವು ದೇಶಗಳ ವಿಳಾಸಗಳಿಂದ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಲಾಗಿನ್ ಆಗುವ ಪ್ರಯತ್ನ ರಾತ್ರಿಯಿಡೀ ನಡೆಯುತ್ತಿದೆ, ಕಾರಣ ತಿಳಿಯುವ ತನಕ ಕಚೇರಿಯ ಜಾಲಕ್ಕೆ ಸೇರಬೇಡಿ.

“ಮನೆ ವೈಫೈ ಒಳಗಿರೋ ಲ್ಯಾಪ್‌ಟಾಪಿಗೆ ಹೊರಗಿನವರು ನೇರ ಬಂದು ತಲುಪೋದು ಹೇಗೆ ಸರ್? ನಡುವೆ ರೌಟರ್ ಇದೆಯಲ್ಲ?” ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದರು. ಶಿರಸಿಯಲ್ಲಿ ಮನೆಗಳ ಮತ್ತು ಸಣ್ಣ ಕಚೇರಿಗಳ ಜಾಲ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಉದ್ಯೋಗವಾದ್ದರಿಂದ ತೆರೆದ ಪೋರ್ಟುಗಳ, ಅಂದರೆ ಹೊರಗಿನ ಸಂಪರ್ಕ ಬಂದು ತಟ್ಟುವ ಬಾಗಿಲುಗಳ ಬಗ್ಗೆ ಭಯಪಟ್ಟು ಕರೆ ಮಾಡುವವರು ನನಗೆ ಹೊಸಬರಲ್ಲ. ಆದರೆ ಹೆಚ್ಚಿನವರ ಭಯ ಅಪಾಯ ಇರುವ ಜಾಗವನ್ನು ಬಿಟ್ಟು ಬೇರೆಲ್ಲೋ ಇರುತ್ತದೆ. ಈ ಮನೆಯಲ್ಲೂ ಮೊದಲು ಹಾಗೆಯೇ ಆಯಿತು. ಆದ್ದರಿಂದ ಕಾರಣದವರೆಗೆ ಹೋದ ದಾರಿಯನ್ನು ಮನೆಯವರ ಒಪ್ಪಿಗೆ ಪಡೆದು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯ, ಇಂಟರ್ನೆಟ್ ಕೊಡುವವರ ಮತ್ತು ಕ್ಯಾಮೆರಾ ಹಾಕಿದ ಅಂಗಡಿಯ ಗುರುತನ್ನು ಕೊಟ್ಟಿಲ್ಲ.

ರೌಟರ್ ಇದ್ದ ಮನೆಯಲ್ಲಿ ಇಂಥದ್ದು ಸಾಮಾನ್ಯವಾಗಿ ಯಾಕೆ ಆಗುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ರೌಟರ್ ಕೊಡುವುದು 192.168 ಎಂದು ಶುರುವಾಗುವ ಖಾಸಗಿ ವಿಳಾಸ. ಹೊರಗಿನವರಿಗೆ ಕಾಣುವುದು ರೌಟರ್‌ನ ಒಂದೇ ವಿಳಾಸ. ಒಳಗಿನ ಸಾಧನ ಹೊರಗಿನಿಂದ ಏನನ್ನಾದರೂ ಕೇಳಿದಾಗ ರೌಟರ್ ಅದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಉತ್ತರ ಬಂದ ಮೇಲೆ ಪಟ್ಟಿ ನೋಡಿ ಕೇಳಿದ ಸಾಧನಕ್ಕೇ ತಲುಪಿಸುತ್ತದೆ. ಯಾರೂ ಕೇಳದೆ ತಾನಾಗಿ ಬಂದದ್ದಕ್ಕೆ ಪಟ್ಟಿಯಲ್ಲಿ ಸಾಲು ಇರುವುದಿಲ್ಲ. ಅದು ರೌಟರ್ ಹತ್ತಿರವೇ ಬಿದ್ದುಹೋಗುತ್ತದೆ. ಈ ಏರ್ಪಾಡನ್ನು ಮಾಡಿದ್ದು ರಕ್ಷಣೆಗೆಂದಲ್ಲ, ಐಪಿವಿ4 ಎಂಬ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವ ಸುಮಾರು 429 ಕೋಟಿ ವಿಳಾಸಗಳು ಜಗತ್ತಿಗೆ ಸಾಲುವುದಿಲ್ಲ ಎಂಬ ಕಾರಣಕ್ಕೆ. ರಕ್ಷಣೆ ಅದರ ಜೊತೆಯಲ್ಲಿ ಸಿಕ್ಕಿದ ಪ್ರಯೋಜನ. ಹೀಗಿರುವಾಗ ಹೊರಗಿನಿಂದ ತಾನಾಗಿ ಬಂದ ಸಂಪರ್ಕವೊಂದು ಒಳಗಿನ ಲ್ಯಾಪ್‌ಟಾಪನ್ನು ಮುಟ್ಟಿದೆ ಎಂದರೆ, ಹೊರಗಿನಿಂದ ಬಂದದ್ದನ್ನು ಇಂಥ ಕಡೆ ಕಳಿಸು ಎಂಬ ಖಾಯಂ ಸಾಲೊಂದನ್ನು ಯಾರೋ ರೌಟರ್‌ಗೆ ಬರೆದುಕೊಟ್ಟಿರಬೇಕು. ಹಾಗೆ ಬರೆಯುವ ದಾರಿಗಳು ಮೂರು: ಮನುಷ್ಯರು ಕೈಯಾರೆ ಮಾಡುವ ಪೋರ್ಟ್ ಫಾರ್ವರ್ಡಿಂಗ್, ಸಾಧನಗಳು ಯಾರನ್ನೂ ಕೇಳದೆ ರೌಟರ್‌ನಿಂದ ಮಾಡಿಸಿಕೊಳ್ಳುವ ಯುಪಿಎನ್‌ಪಿ, ಮತ್ತು ಡಿಎಂಜಡ್ ಎಂಬ ಸೆಟ್ಟಿಂಗ್. ಮನೆಗೆ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಬಂದಿದ್ದರೆ ಲೆಕ್ಕ ಬೇರೆ. ಅದರಲ್ಲಿ ಪ್ರತಿ ಸಾಧನಕ್ಕೂ ಹೊರಗೆ ಕಾಣುವ ವಿಳಾಸವೇ ಸಿಗುವುದರಿಂದ, ಬೇಡದ ಸಂಪರ್ಕಗಳನ್ನು ತಡೆಯುವ ರೌಟರ್‌ನ ಫೈರ್‌ವಾಲನ್ನೇ ನಂಬಬೇಕು. ಈ ಮನೆಯ ಸಂಪರ್ಕದಲ್ಲಿ ಐಪಿವಿ6 ಇರಲಿಲ್ಲ.

ನಾನು ಹೋಗುವುದರೊಳಗೆ ಮನೆಯಲ್ಲಿ ಒಂದು ಗಾಬರಿ ಆಗಿಹೋಗಿತ್ತು. ಬೆಂಗಳೂರಿನಲ್ಲಿದ್ದ ಮಗ ಹೇಳಿದಂತೆ ಸೊಸೆ ಫೋನಿನಲ್ಲಿ ಪೋರ್ಟ್ ಸ್ಕ್ಯಾನ್ ಮಾಡುವ ಆ್ಯಪ್ ಹಾಕಿಕೊಂಡು, 192.168.1.1 ಎಂಬ ರೌಟರ್ ವಿಳಾಸವನ್ನು ಪರೀಕ್ಷಿಸಿದ್ದರು. 23, 53, 80, 443 ತೆರೆದಿವೆ ಎಂದು ಕೆಂಪು ಅಕ್ಷರಗಳಲ್ಲಿ ಉತ್ತರ ಬಂದಿತ್ತು. ಆ ರಾತ್ರಿ ಮನೆಯವರು ರೌಟರ್ ಆರಿಸಿಯೇ ಮಲಗಿದರು.

ಆ ಪಟ್ಟಿಯಲ್ಲಿ ಅಷ್ಟು ಹೆದರುವಂಥದ್ದು ಇರಲಿಲ್ಲ. ಪೋರ್ಟ್ ಎಂದರೆ 0 ಯಿಂದ 65535 ರವರೆಗಿನ ಒಂದು ಸಂಖ್ಯೆ, ಅಷ್ಟೆ. ಆ ಸಂಖ್ಯೆಗೆ ಕಿವಿಗೊಟ್ಟು ಕುಳಿತ ಪ್ರೋಗ್ರಾಂ ಇದ್ದರೆ ಅದು ತೆರೆದ ಪೋರ್ಟ್. ಇಲ್ಲವಾದರೆ ‘ಇಲ್ಲಿ ಯಾರೂ ಇಲ್ಲ’ ಎಂಬ ಉತ್ತರ ಬರುತ್ತದೆ, ಅದು ಮುಚ್ಚಿದ ಪೋರ್ಟ್. ಫೈರ್‌ವಾಲ್ ನಡುವೆ ತಡೆದರೆ ಉತ್ತರವೇ ಬರುವುದಿಲ್ಲ. ಮನೆಯೊಳಗಿನ ಸಾಧನಗಳು ಜಾಲತಾಣದ ಹೆಸರು ಹೇಳಿ ಅದರ ವಿಳಾಸ ಕೇಳುವುದೇ 53 ರಲ್ಲಿ, ಅದು ಒಳಗಡೆ ತೆರೆದಿರಲೇಬೇಕು. 80 ಮತ್ತು 443 ರೌಟರ್‌ನ ಸೆಟ್ಟಿಂಗ್ ಪುಟದವು. 23 ದೂರದಿಂದ ಸಾಧನಕ್ಕೆ ಆದೇಶ ಕೊಡುವ ಹಳೆಯ ವಿಧಾನವಾದ ಟೆಲ್ನೆಟ್‌ನದು, ಇಂದಿನ ಮನೆಗೆ ಅದು ಬೇಕಾಗಿಲ್ಲ, ಆರಿಸಿದರೆ ಒಳ್ಳೆಯದು. ಆದರೆ ಇದೆಲ್ಲ ಮನೆಯೊಳಗೆ ನಿಂತು ನೋಡಿದ್ದು. ಒಳಗಿನಿಂದ ಮಾಡಿದ ಸ್ಕ್ಯಾನ್‌ನಿಂದ ಹೊರಗಿನವರಿಗೆ ಏನು ಕಾಣುತ್ತದೆ ಎಂದು ತಿಳಿಯುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳವರು ರಾತ್ರಿ ನಿದ್ದೆಗೆಟ್ಟಿದ್ದಾರೆ, ಎಷ್ಟೋ ಮನೆಗಳವರು ನಿಜವಾದ ತೊಂದರೆಯನ್ನು ಕಾಣದೇ ನಿಶ್ಚಿಂತರಾಗಿದ್ದಾರೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಯಜಮಾನರು ಜಗಲಿಯಲ್ಲಿಯೇ ಕಾಯುತ್ತಿದ್ದರು. ಎಪ್ಪತ್ತು ದಾಟಿದವರು. “ತಮಾ, ಬಾಗ್ಲು ಹಾಕೇ ಇದ್ದು, ಕಳ್ಳ ಎಲ್ಲಿಂದ ಬಂದ? ಈ ಕಾಡಿನ ಮನೆ ಯಾರಿಗೆ ಗೊತ್ತು?” ಎಂದು ಕೇಳಿದರು. ಯಾರೂ ಈ ಮನೆಯನ್ನು ಹುಡುಕಿಕೊಂಡು ಬಂದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿದೆ. 2013 ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಎಂಬ ಸಾಧನವನ್ನು ಪ್ರಕಟಿಸಿದಾಗ, ಗಿಗಾಬಿಟ್ ವೇಗದ ಸಂಪರ್ಕವಿರುವ ಒಂದೇ ಕಂಪ್ಯೂಟರಿನಿಂದ ಇಡೀ ಐಪಿವಿ4 ಜಾಲದ ಎಲ್ಲ ವಿಳಾಸಗಳಲ್ಲಿ ಒಂದು ಪೋರ್ಟನ್ನು 45 ನಿಮಿಷದೊಳಗೆ ವಿಚಾರಿಸಿ ಬರಬಹುದು ಎಂದು ತೋರಿಸಿಕೊಟ್ಟರು. ಒಳ್ಳೆಯ ಉದ್ದೇಶದವರಿಗೆ ಸಾಧ್ಯವಾದದ್ದು ಕೆಟ್ಟ ಉದ್ದೇಶದವರಿಗೂ ಸಾಧ್ಯ. ಹೊರಗೆ ಕಾಣುವ ವಿಳಾಸ ಇದ್ದರೆ ಸಾಕು, ಅದು ಬೆಂಗಳೂರಿನ ಬ್ಯಾಂಕಿನದೋ ಹುಲೇಕಲ್ ರಸ್ತೆಯ ತೋಟದ ಮನೆಯದೋ ಎಂದು ಆ ಯಂತ್ರಗಳು ನೋಡುವುದಿಲ್ಲ. ಒಂದೊಂದು ಸಂಖ್ಯೆಯನ್ನೂ ತಟ್ಟಿಕೊಂಡು ಹೋಗುತ್ತವೆ.

ಈ ಮನೆಗೆ ಅಂಥ ವಿಳಾಸ ಇತ್ತು. ರೌಟರ್‌ನ ಪುಟದಲ್ಲಿ ಹೊರಗಿನ ಸಂಪರ್ಕದ ಎದುರು ಕಂಡ ವಿಳಾಸವೂ, ‘ನನ್ನ ಐಪಿ ಯಾವುದು’ ಎಂದು ಹೊರಗಿನ ತಾಣದಲ್ಲಿ ಕೇಳಿದಾಗ ಬಂದ ವಿಳಾಸವೂ ಒಂದೇ ಆಗಿದ್ದವು. ವಿಚಾರಿಸಿದಾಗ, ಬೆಂಗಳೂರಿನಿಂದ ಕ್ಯಾಮೆರಾ ನೋಡಲೆಂದು ಮಗ ಆರು ವರ್ಷದ ಹಿಂದೆ ಹೆಚ್ಚಿನ ಹಣ ಕಟ್ಟಿ ಸ್ಥಿರ ಐಪಿ, ಅಂದರೆ ಬದಲಾಗದ ಹೊರಗಿನ ವಿಳಾಸ, ತೆಗೆದುಕೊಂಡದ್ದು ತಿಳಿಯಿತು. ಆಮೇಲೆ ಪ್ರತಿ ವರ್ಷ ಅದರ ಹಣ ತಾನಾಗಿ ಕಟ್ಟಿಹೋಗುತ್ತಿತ್ತು.

ಹೊರಗಿನ ನೋಟ ಬೇಕಾದರೆ ಹೊರಗೇ ಹೋಗಬೇಕು. ಮನೆಯ ಹತ್ತಿರ ಮೊಬೈಲ್ ಸಿಗ್ನಲ್ ಇಲ್ಲ. ತೋಟ ದಾಟಿ ಸೊಪ್ಪಿನ ಬೆಟ್ಟದ ಅಂಚಿಗೆ ಹತ್ತಿದರೆ ಒಂದು ಹೊನ್ನೆ ಮರದ ಬುಡದಲ್ಲಿ ಎರಡು ಗೆರೆ ಸಿಗುತ್ತದೆ; ಮನೆಯವರೆಲ್ಲ ಫೋನಿಗೆಂದು ಬಂದು ನಿಲ್ಲುವ ಜಾಗ ಅದು. ಅಲ್ಲಿ ಕೊಡೆ ಹಿಡಿದುಕೊಂಡು, ಲ್ಯಾಪ್‌ಟಾಪನ್ನು ಕಲ್ಲಿನ ಮೇಲಿಟ್ಟು, ಮೊಬೈಲ್ ಡೇಟಾದಿಂದ ಆ ಸ್ಥಿರ ವಿಳಾಸದ ಮೇಲೆ ಎನ್‌ಮ್ಯಾಪ್ ಎಂಬ ಪೋರ್ಟ್ ಪರೀಕ್ಷಿಸುವ ತಂತ್ರಾಂಶ ಓಡಿಸಿದೆ. ಯಜಮಾನರ ಒಪ್ಪಿಗೆ ಪಡೆದೇ ಇದನ್ನು ಮಾಡಿದ್ದು. ಬೇರೆಯವರ ವಿಳಾಸದ ಮೇಲೆ ಕೇಳದೆ ಹೀಗೆ ಮಾಡಬಾರದು. ಎನ್‌ಮ್ಯಾಪ್ ತಾನಾಗಿ ನೋಡುವುದು ಹೆಚ್ಚು ಬಳಕೆಯಲ್ಲಿರುವ 1000 ಪೋರ್ಟುಗಳನ್ನು ಮಾತ್ರ. ಎಲ್ಲವನ್ನೂ ನೋಡು ಎಂದು ಬೇರೆಯಾಗಿ ಹೇಳಬೇಕಾಗುತ್ತದೆ. ಹಾಗೆ ಹೇಳಿದ್ದರಿಂದ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಕೊನೆಗೆ ತೆರೆದದ್ದೆಂದು ಬಂದವು ಮೂರು: 554, 3389, 7547. ಉಳಿದವುಗಳಿಂದ ಉತ್ತರವೇ ಇರಲಿಲ್ಲ.

ಮನೆಯೊಳಗಿನ ಸ್ಕ್ಯಾನ್ ತೋರಿಸಿದ ನಾಲ್ಕು ಸಂಖ್ಯೆಗಳಲ್ಲಿ ಒಂದೂ ಈ ಪಟ್ಟಿಯಲ್ಲಿ ಇರಲಿಲ್ಲ.

3389 ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್. ಅದು ಲ್ಯಾಪ್‌ಟಾಪಿನದೇ ಎಂದು ಖಚಿತ ಮಾಡಿಕೊಳ್ಳಲು ಒಂದು ಸರಳ ಪರೀಕ್ಷೆ ಸಾಕಾಯಿತು. ವಾಟ್ಸ್ಯಾಪ್ ಕರೆಯಲ್ಲಿದ್ದ ಸೊಸೆಗೆ ಲ್ಯಾಪ್‌ಟಾಪಿನ ವೈಫೈ ಮಾತ್ರ ಆರಿಸಲು ಹೇಳಿ ಆ ಒಂದು ಪೋರ್ಟನ್ನು ಮತ್ತೆ ವಿಚಾರಿಸಿದೆ, ಉತ್ತರ ಇಲ್ಲ. ವೈಫೈ ಹಾಕಲು ಹೇಳಿ ವಿಚಾರಿಸಿದೆ, ತೆರೆದಿದೆ. ಹೀಗೆ ಮೂರು ಸಲ ಮಾಡಿದಾಗಲೂ ಅದೇ ಆಯಿತು. ಬೆಟ್ಟದ ಮೇಲಿನ ನನ್ನ ಲ್ಯಾಪ್‌ಟಾಪಿನಿಂದ ಹೊರಟ ವಿಚಾರಣೆ ಮೊಬೈಲ್ ಕಂಪನಿಯ ಜಾಲ ಸುತ್ತಿ, ಇಂಟರ್ನೆಟ್ ದಾಟಿ, ರೌಟರನ್ನು ಹಾಯ್ದು ಅವರ ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ನೇರವಾಗಿ ತಲುಪುತ್ತಿತ್ತು. ನನಗೆ ತಲುಪಿದ್ದು ಜಗತ್ತಿನ ಯಾರಿಗೂ ತಲುಪುತ್ತಿತ್ತು.

ಕೆಳಗಿಳಿದು ಬಂದು ರೌಟರ್‌ನ ಸೆಟ್ಟಿಂಗ್ ಪುಟ ತೆರೆದೆವು. ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ಖಾಲಿ. ಅದರ ಕೆಳಗಿನ ಪುಟದಲ್ಲಿ ಡಿಎಂಜಡ್ ಎಂಬುದರ ಎದುರು ಗುರುತು ಬಿದ್ದಿತ್ತು, ಪಕ್ಕದಲ್ಲಿ 192.168.1.10 ಎಂಬ ವಿಳಾಸ. ಸೊಸೆ ತಮ್ಮ ಲ್ಯಾಪ್‌ಟಾಪಿನಲ್ಲಿ ವಿಳಾಸ ನೋಡಿದರು. 192.168.1.10.

ದೊಡ್ಡ ಕಚೇರಿಗಳಲ್ಲಿ ಡಿಎಂಜಡ್ ಎಂದರೆ ಹೊರಗಿನವರು ಮುಟ್ಟಬೇಕಾದ ಸರ್ವರ್‌ಗಳನ್ನು ಒಳಗಿನ ಜಾಲದಿಂದ ಬೇರ್ಪಡಿಸಿ ಇಡುವ ಪ್ರತ್ಯೇಕ ಜಾಗ. ಮನೆಯ ರೌಟರ್‌ನಲ್ಲಿ ಅದೇ ಹೆಸರಿನ ಅರ್ಥ ಬೇರೆ: ಹೊರಗಿನಿಂದ ತಾನಾಗಿ ಬಂದದ್ದನ್ನೆಲ್ಲ, ಯಾವ ಪೋರ್ಟ್ ಎಂದು ನೋಡದೆ, ಈ ಒಂದು ವಿಳಾಸಕ್ಕೆ ಕಳಿಸು. ಆ ವಿಳಾಸದ ಸಾಧನ ಬೇರ್ಪಟ್ಟೂ ಇರುವುದಿಲ್ಲ, ಮನೆಯ ಉಳಿದ ಸಾಧನಗಳ ಜೊತೆಯಲ್ಲೇ ಇರುತ್ತದೆ. ಇದನ್ನು ಹೇಳಿದಾಗ ಯಜಮಾನರು, “ಅಂದ್ರೆ ದಣಪೆಯ ಉಣಗೋಲೆಲ್ಲಾ ತೆಗೆದಿಟ್ಟ ಹಾಂಗಾತು” ಎಂದರು. ದಣಪೆ ಎಂದರೆ ಬೇಲಿಯ ಬಾಗಿಲು, ಉಣಗೋಲು ಅದಕ್ಕೆ ಅಡ್ಡ ಹಾಕುವ ಗಳ. ನಾನು ಇಷ್ಟು ವರ್ಷ ಹುಡುಕುತ್ತಿದ್ದ ಮಾತು ಅವರಿಗೆ ಒಂದೇ ಕ್ಷಣದಲ್ಲಿ ಸಿಕ್ಕಿತು.

ಇದು ಬಂದದ್ದು ಹೇಗೆ ಎಂಬುದನ್ನು ಕೂಡಿಸಿಕೊಳ್ಳಲು ಯಜಮಾನರ ಲೆಕ್ಕದ ಪುಸ್ತಕವೇ ನೆರವಾಯಿತು. ಅಡಿಕೆ ಕದ್ದುಹೋದ ವರ್ಷ, ಅಂದರೆ ಆರು ವರ್ಷದ ಹಿಂದೆ, ಅಂಗಳಕ್ಕೆ ಎರಡು, ಕೊಟ್ಟಿಗೆಗೆ ಒಂದು, ಜಗಲಿಗೆ ಒಂದು ಎಂದು ನಾಲ್ಕು ಕ್ಯಾಮೆರಾ ಹಾಕಿಸಿದ್ದರು. ಆಗ ಕ್ಯಾಮೆರಾಗಳ ಚಿತ್ರ ದಾಖಲಿಸಿಡುವ ಪೆಟ್ಟಿಗೆಯಾದ ಡಿವಿಆರ್‌ಗೆ 192.168.1.10 ಎಂಬ ಖಾಯಂ ವಿಳಾಸ ಕೊಟ್ಟು, ಅದಕ್ಕೆ ಬೇಕಾದ ಮೂರೇ ಪೋರ್ಟುಗಳನ್ನು ಫಾರ್ವರ್ಡ್ ಮಾಡಿದ್ದರು. ಅದು ಅಂದಿನ ಮಟ್ಟಿಗೆ ಕ್ರಮವಾದ ಕೆಲಸವೇ. ಮೂರು ವರ್ಷದ ಹಿಂದೆ ಮೇ ತಿಂಗಳಿನ ಸಿಡಿಲಿಗೆ ಕರೆಂಟ್ ಲೈನಿನ ಮೂಲಕ, ರೌಟರೂ ಆಗಿದ್ದ ಫೈಬರ್ ಮೋಡೆಮ್ ಸುಟ್ಟುಹೋಯಿತು. ಹೊಸ ಮೋಡೆಮ್ ಕೂಡಿಸಲು ಬಂದ ಹುಡುಗನಿಗೆ ಹಳೆಯದರಲ್ಲಿ ಯಾವ ಯಾವ ಪೋರ್ಟ್ ಬರೆದಿತ್ತು ಎಂದು ತಿಳಿಯುವ ದಾರಿ ಇರಲಿಲ್ಲ. ಬೆಂಗಳೂರಿನಲ್ಲಿ ಕ್ಯಾಮೆರಾ ಕಾಣುತ್ತಿಲ್ಲ ಎಂದು ಮಗ ಫೋನಿನಲ್ಲಿ ಅವಸರ ಮಾಡುತ್ತಿದ್ದರು. ಹುಡುಗ ಡಿಎಂಜಡ್‌ನಲ್ಲಿ 192.168.1.10 ಎಂದು ಬರೆದ, ಕ್ಯಾಮೆರಾ ಬಂತು, ಎಲ್ಲರಿಗೂ ಸಮಾಧಾನವಾಯಿತು. ಮಳೆಯಲ್ಲಿ ಕಂಬ ಹತ್ತಿ, ಮುರಿದ ಫೈಬರ್ ಜೋಡಿಸಿ, ದಿನಕ್ಕೆ ಎಂಟು ಹತ್ತು ಮನೆ ಸುತ್ತುವ ಆ ಹುಡುಗನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅವನಿಗೆ ಹೇಳಿಕೊಟ್ಟವರು ಅಷ್ಟನ್ನೇ ಹೇಳಿಕೊಟ್ಟಿದ್ದರು.

ಮುಂದಿನ ತಿರುವು ಕಳೆದ ಕೊಯ್ಲಿಗೆ ಮುಂಚಿನದು. ಹಳೆಯ ಡಿವಿಆರ್ ಕೆಟ್ಟು ಅಟ್ಟ ಸೇರಿತು. ಹೊಸದನ್ನು ಕೂಡಿಸಿದ ಅಂಗಡಿಯವರು ಫೋನಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಆ್ಯಪ್‌ಗೆ ಸೇರಿಸಿದರು. ಈ ವಿಧಾನದಲ್ಲಿ ಡಿವಿಆರ್ ತಾನೇ ಹೊರಗಿನ ಸರ್ವರ್‌ಗೆ ಸಂಪರ್ಕ ಮಾಡುತ್ತದೆ, ಫೋನು ಅಲ್ಲಿಂದ ಚಿತ್ರ ಪಡೆಯುತ್ತದೆ. ಫಾರ್ವರ್ಡಿಂಗ್ ಬೇಡ, ಡಿಎಂಜಡ್ ಬೇಡ, ಸ್ಥಿರ ಐಪಿಯೂ ಬೇಡ. ಬೇಡವಾದದ್ದನ್ನು ತೆಗೆಯುವ ಮಾತು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಸ ಡಿವಿಆರ್ ಬೇರೆ ವಿಳಾಸ ಪಡೆಯಿತು. 192.168.1.10 ಖಾಲಿ ಬಿತ್ತು. ಆ ಸಂಖ್ಯೆ ರೌಟರ್ ತಾನಾಗಿ ಹಂಚುವ ವಿಳಾಸಗಳ ಸಾಲಿನಲ್ಲಿಯೇ ಇದ್ದುದರಿಂದ, ಜುಲೈಯಲ್ಲಿ ಮನೆಗೆ ಬಂದ ಹೊಸ ಸಾಧನಕ್ಕೆ, ಅಂದರೆ ಸೊಸೆಯ ಲ್ಯಾಪ್‌ಟಾಪಿಗೆ, ಅದನ್ನು ಕೊಟ್ಟಿತು. ಸತ್ತುಹೋದ ಡಿವಿಆರ್‌ಗೆ ಬರಬೇಕಾದ ಇಡೀ ಇಂಟರ್ನೆಟ್‌ನ ತಟ್ಟುವಿಕೆ ಅವರಿಗೆ ಬರತೊಡಗಿತು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಇಲ್ಲಿ ಯಾರೂ ಬೇಜವಾಬ್ದಾರಿಯಿಂದ ಏನನ್ನೂ ತೆರೆದಿಡಲಿಲ್ಲ. ಅಗತ್ಯವಿದ್ದಾಗ ತೆರೆದರು, ಅಗತ್ಯ ತೀರಿತು, ತೆರೆದದ್ದು ಉಳಿಯಿತು. ಮಗನಿಗೆ ಅದು ಅಂಗಡಿಯವರ ಕೆಲಸ, ಅಂಗಡಿಯವರಿಗೆ ಇಂಟರ್ನೆಟ್‌ನವರ ಕೆಲಸ, ಇಂಟರ್ನೆಟ್‌ನವರಿಗೆ ಗ್ರಾಹಕರ ಕೆಲಸ. ರೌಟರ್‌ನೊಳಗಿನ ಆ ಒಂದು ಸಾಲಿಗೆ ವಾರಸುದಾರರೇ ಇರಲಿಲ್ಲ.

ಲ್ಯಾಪ್‌ಟಾಪ್ ಯಾಕೆ ಉತ್ತರ ಕೊಟ್ಟಿತು ಎಂಬುದು ಉಳಿದ ಪ್ರಶ್ನೆ. ವಿಂಡೋಸ್‌ನ ಫೈರ್‌ವಾಲ್ ಬಹುಪಾಲು ಪೋರ್ಟುಗಳನ್ನು ತಡೆದೇ ಇತ್ತು. ಉಳಿದ ಸಾವಿರಾರು ಪೋರ್ಟುಗಳಿಂದ ಉತ್ತರ ಬಾರದಿರುವುದಕ್ಕೆ ಅದೇ ಕಾರಣ. ಆದರೆ ದೂರದಿಂದ ಸಹಾಯ ಮಾಡುವ ಅನುಕೂಲಕ್ಕೆ ಕಚೇರಿಯವರೇ ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದರು, ಸೊಸೆ ಮನೆಯ ವೈಫೈಯನ್ನು ‘ಖಾಸಗಿ’, ಅಂದರೆ ನಂಬಬಹುದಾದ ಜಾಲ, ಎಂದು ಗುರುತಿಸಿದ್ದರು. ಎರಡೂ ಬೇರೆ ಬೇರೆಯಾಗಿ ಸರಿಯೇ. ವಿಂಡೋಸ್‌ನ ಭದ್ರತಾ ದಾಖಲೆ ತೆರೆದಾಗ 4625 ಎಂಬ ಸಂಖ್ಯೆಯ ಸಾಲುಗಳು, ಎಂದರೆ ವಿಫಲವಾದ ಲಾಗಿನ್‌ಗಳು, ಪರದೆ ಎಷ್ಟು ಉರುಳಿಸಿದರೂ ಮುಗಿಯಲಿಲ್ಲ. ಎರಡು ಮೂರು ಸೆಕೆಂಡಿಗೆ ಒಂದು. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್ ಎಂಬ ಹೆಸರುಗಳೇ ಸರದಿಯಲ್ಲಿ ಬರುತ್ತಿದ್ದವು. ಸೊಸೆಯ ನಿಜವಾದ ಬಳಕೆದಾರ ಹೆಸರು ಒಮ್ಮೆಯೂ ಬಂದಿರಲಿಲ್ಲ. ಯಶಸ್ವಿಯಾದ ಲಾಗಿನ್ 4624 ಎಂದು ದಾಖಲಾಗುತ್ತದೆ. ಅವುಗಳಲ್ಲಿ ಹೊರಗಿನ ವಿಳಾಸದ್ದು ಒಂದೂ ಸಿಗಲಿಲ್ಲ. ಹಾಗಿದ್ದರೂ ಆ ಲ್ಯಾಪ್‌ಟಾಪನ್ನು ಕಚೇರಿಗೆ ಕಳಿಸಿ ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿಕೊಳ್ಳಲು ಹೇಳಿದೆ, ಅವರ ಕಚೇರಿಯವರೂ ಅದನ್ನೇ ಹೇಳಿದರು. ರಿಮೋಟ್ ಡೆಸ್ಕ್‌ಟಾಪ್ ವಿಷಯದಲ್ಲಿ ಪಾಸ್‌ವರ್ಡ್ ಗಟ್ಟಿಯಿದೆ ಎಂಬ ಒಂದೇ ಧೈರ್ಯ ಸಾಲದು. 2019 ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷ, ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಪಾಸ್‌ವರ್ಡನ್ನೇ ಕೇಳಿಸಿಕೊಳ್ಳದೆ ಒಳಬರಲು ದಾರಿ ಕೊಡುತ್ತಿತ್ತು.

ಇನ್ನು 554. ಇದು ಕ್ಯಾಮೆರಾದ ಚಿತ್ರ ಹರಿದುಬರುವ ಪೋರ್ಟ್. ಫಾರ್ವರ್ಡಿಂಗ್ ಪಟ್ಟಿಯಲ್ಲಿ ಇಲ್ಲದ್ದು ಎಲ್ಲಿಂದ ಬಂತು ಎಂದು ಯುಪಿಎನ್‌ಪಿ ಪುಟ ತೆರೆದಾಗ, ಹೊಸ ಡಿವಿಆರ್ ತಾನೇ ರೌಟರ್‌ಗೆ ಹೇಳಿ ತೆರೆಸಿಕೊಂಡಿದ್ದ ಸಾಲು ಅಲ್ಲಿ ಸಿಕ್ಕಿತು. ಯುಪಿಎನ್‌ಪಿಯಲ್ಲಿ ಕೇಳುವ ಸಾಧನ ಯಾರದು, ಯಾಕೆ ಕೇಳುತ್ತಿದೆ ಎಂದು ರೌಟರ್ ವಿಚಾರಿಸುವುದಿಲ್ಲ. ಒಳಗಿನಿಂದ ಕೇಳಿತಲ್ಲ, ಅಷ್ಟು ಸಾಕು. ಡಿವಿಆರ್ ಎತ್ತಿ ನೋಡಿದರೆ ಅಡಿಯಲ್ಲಿ ಸ್ಕೆಚ್ ಪೆನ್ನಿನಲ್ಲಿ ಪಾಸ್‌ವರ್ಡ್ ಬರೆದಿತ್ತು. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಯಾಕೆಂದರೆ ಅದೇ ಪಾಸ್‌ವರ್ಡನ್ನು ಅದೇ ಕೈಬರಹದಲ್ಲಿ ನಾನು ಬೇರೆ ಎರಡು ಮನೆಗಳಲ್ಲಿ ನೋಡಿದ್ದೆ. ಕ್ಯಾಮೆರಾ ಹಾಕುವವರು ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ಮರೆತರೆ ತಮಗೇ ತೊಂದರೆ ಎಂದು. 2016 ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ವಶ ಮಾಡಿಕೊಂಡದ್ದು ಹೆಚ್ಚಿನ ಜಾಣತನದಿಂದ ಅಲ್ಲ. ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದ ಹೆಸರು ಪಾಸ್‌ವರ್ಡುಗಳ ಅರವತ್ತರಷ್ಟು ಜೋಡಿಗಳನ್ನು ಟೆಲ್ನೆಟ್‌ನಲ್ಲಿ ಒಂದಾದ ಮೇಲೊಂದು ಪ್ರಯತ್ನಿಸಿ. ಅಂಥ ಸಾಧನಗಳ ಬಲದಿಂದಲೇ ಆ ವರ್ಷ ಅಕ್ಟೋಬರ್ 21 ರಂದು ಡೈನ್ ಎಂಬ ಕಂಪನಿಯ, ಜಾಲತಾಣದ ಹೆಸರಿನಿಂದ ಅದರ ವಿಳಾಸ ಪತ್ತೆ ಮಾಡಿಕೊಡುವ ಸೇವೆಯ ಮೇಲೆ ದಾಳಿ ನಡೆದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ತಾಸುಗಟ್ಟಲೆ ಸಿಗದಂತಾದವು.

ಡಿವಿಆರ್‌ನ ದಾಖಲೆಯಲ್ಲಿ ರಾತ್ರಿ ಎರಡು ಗಂಟೆಯ ಆಸುಪಾಸು ಪ್ರತಿದಿನ ಒಂದು ಲಾಗಿನ್ ಕಂಡಿತು. ಸೊಸೆಯ ಮುಖ ಬಿಳಚಿತು. ಜಗಲಿಯ ಕ್ಯಾಮೆರಾದ ನೋಟದಲ್ಲಿ ಅತ್ತೆ ದಿನವಿಡೀ ಕುಳಿತಿರುವ ಮಂಚವೂ ಬರುತ್ತಿತ್ತು, ಕಾಲಿಗೆ ಎಣ್ಣೆ ಹಚ್ಚುವುದೂ ಅಲ್ಲಿಯೇ. ಆಮೇಲೆ ಪರದೆಯ ಮೂಲೆಯಲ್ಲಿದ್ದ ಗಡಿಯಾರ ನೋಡಿದೆ. ಅದು ನನ್ನ ಕೈಗಡಿಯಾರಕ್ಕಿಂತ ಐದೂವರೆ ತಾಸು ಹಿಂದಿತ್ತು. ಭಾರತದ ಸಮಯವಲಯವನ್ನು ಯಾರೂ ಹಾಕಿರಲಿಲ್ಲ. ಅಲ್ಲಿಗೆ ರಾತ್ರಿ ಎರಡು ಎಂದರೆ ಬೆಳಿಗ್ಗೆ ಏಳೂವರೆ. ಮಗ ಪ್ರತಿದಿನ ಕಚೇರಿಗೆ ಹೊರಡುವ ಮುಂಚೆ ಅಪ್ಪ ಅಮ್ಮ ಎದ್ದು ಓಡಾಡುತ್ತಿದ್ದಾರೆಯೇ ಎಂದು ಒಮ್ಮೆ ನೋಡುವ ಹೊತ್ತು ಅದು. ಫೋನ್ ಮಾಡಿ ಕೇಳಿದಾಗ ಅವರು ಒಪ್ಪಿಕೊಂಡರು. ಹೊರಗಿನವರ ವಿಫಲ ಪ್ರಯತ್ನಗಳು ಆ ದಾಖಲೆಯಲ್ಲಿ ಹಲವಾರು ಇದ್ದವು, ಯಶಸ್ವಿಯಾದದ್ದು ಕಾಣಲಿಲ್ಲ. ಆದರೆ ದಾಖಲೆ ಉಳಿದದ್ದು ಹಿಂದಿನ ಇಪ್ಪತ್ತು ದಿನಗಳದು ಮಾತ್ರ. ಅದಕ್ಕೂ ಹಿಂದೆ ಆ ಜಗಲಿಯನ್ನು ಯಾರಾದರೂ ನೋಡಿದ್ದರೇ ಎಂಬ ಪ್ರಶ್ನೆಗೆ ನಾನು ಅವರಿಗೆ ಉತ್ತರ ಕೊಡಲಾರದೆ ಹೋದೆ.

7547 ನ್ನು ಕಂಡು ಮಗನಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಭಯವಾಗಿತ್ತು. ಇದು ಟಿಆರ್-069 ಎಂಬ ಪದ್ಧತಿಯದು. ಇಂಟರ್ನೆಟ್ ಕೊಡುವವರು ಗ್ರಾಹಕರ ಮೋಡೆಮನ್ನು ದೂರದಿಂದಲೇ ಸರಿಪಡಿಸಲು, ಹೊಸ ತಂತ್ರಾಂಶ ಹಾಕಲು ಬಳಸುತ್ತಾರೆ. ಭಯಕ್ಕೆ ಕಾರಣ ಇಲ್ಲದಿಲ್ಲ. 2016 ರ ನವೆಂಬರ್ ಕೊನೆಯಲ್ಲಿ ಮಿರಾಯ್‌ನದೇ ಒಂದು ರೂಪ ಈ ಪೋರ್ಟಿನ ಮೂಲಕ ನುಗ್ಗಲು ಹೋಗಿ, ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೌಟರ್‌ಗಳು ಕೆಲಸ ನಿಲ್ಲಿಸಿದವು. ಇದನ್ನು ಗ್ರಾಹಕರು ತಾವಾಗಿ ಮುಚ್ಚಲು ಬಹುಪಾಲು ಮೋಡೆಮ್‌ಗಳಲ್ಲಿ ಅವಕಾಶ ಇರುವುದಿಲ್ಲ. ತಮ್ಮ ನಿರ್ವಹಣಾ ಸರ್ವರ್‌ನ ವಿಳಾಸ ಬಿಟ್ಟು ಬೇರೆ ಯಾರಿಗೂ ಅದು ಉತ್ತರಿಸದಂತೆ ಇಂಟರ್ನೆಟ್ ಕೊಡುವವರೇ ಮಾಡಬೇಕು. ಆ ಕೋರಿಕೆಯನ್ನು ಯಜಮಾನರ ಹೆಸರಿನಲ್ಲಿ ಬರೆದು ಕಳಿಸಿದೆವು. ಮೊದಲ ಉತ್ತರ, ‘ಎಲ್ಲ ಮನೆಗಳಲ್ಲೂ ಹೀಗೇ ಇದೆ’ ಎಂದು ಬಂತು. ನಮ್ಮ ಚಿಂತೆಯೂ ಅದೇ ಎಂದು ಮತ್ತೆ ಬರೆದೆವು.

ಉಳಿದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಡಿಎಂಜಡ್ ಮತ್ತು ಯುಪಿಎನ್‌ಪಿ ಆರಿಸಿದೆವು. ಟೆಲ್ನೆಟ್ ಆರಿಸಿದೆವು. ಮೋಡೆಮ್‌ನ ಅಡಿಯ ಚೀಟಿಯಲ್ಲಿದ್ದ ಪಾಸ್‌ವರ್ಡನ್ನು ಬದಲಿಸಿದೆವು. ಡಿವಿಆರ್‌ಗೆ ಉದ್ದನೆಯ ಹೊಸ ಪಾಸ್‌ವರ್ಡ್, ಸರಿಯಾದ ಸಮಯವಲಯ, ಹೊಸ ಫರ್ಮ್‌ವೇರ್. ಜಗಲಿಯ ಕ್ಯಾಮೆರಾವನ್ನು ಏಣಿ ಹತ್ತಿ ಅಂಗಳದ ಕಡೆಗೆ ತಿರುಗಿಸಿದೆ. ಅತ್ತೆಯವರು ಮೊದಲಿನಿಂದಲೂ ಅದನ್ನು ಕೇಳುತ್ತಿದ್ದರಂತೆ. ಸಂಜೆ ಮತ್ತೆ ಬೆಟ್ಟ ಹತ್ತಿ ನೋಡಿದಾಗ 554 ಮತ್ತು 3389 ಇರಲಿಲ್ಲ, 7547 ಮಾತ್ರ ಉಳಿದಿತ್ತು. ಅಟ್ಟದಲ್ಲಿದ್ದ ಹಳೆಯ ಡಿವಿಆರ್ ಕೆಳಗಿಳಿಸಿ, ಹಾರ್ಡ್ ಡಿಸ್ಕ್ ತೆಗೆದು ಮನೆಯವರ ಕೈಗೆ ಕೊಟ್ಟೆ. ಗುಜರಿಯವನಿಗೆ ಹಾಗೆಯೇ ಹೋಗಿದ್ದರೆ ವರ್ಷಗಳ ಮನೆಯ ಚಿತ್ರವೂ ಅದರ ಜೊತೆ ಹೋಗುತ್ತಿತ್ತು.

ಸ್ಥಿರ ಐಪಿಯನ್ನು ಬಿಡಿಸಲು ಮಗನನ್ನು ಒಪ್ಪಿಸುವುದು ತುಸು ಕಷ್ಟವಾಯಿತು. ಹಣ ಕಟ್ಟಿ ಪಡೆದದ್ದು ಒಳ್ಳೆಯದೇ ಇರಬೇಕು ಎಂಬ ಭಾವನೆ ಅವರದು. ಬಿಡಿಸಿದ ಮೇಲೆ ರೌಟರ್‌ನ ಪುಟದಲ್ಲಿ ಹೊರಗಿನ ವಿಳಾಸ 100.72 ಎಂದು ಶುರುವಾಗುವಂತಾಯಿತು. 100.64 ರಿಂದ 100.127 ರವರೆಗಿನ ವಿಳಾಸಗಳನ್ನು 2012 ರಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ನೂರಾರು ಮನೆಗಳು ಒಂದೇ ಹೊರ ವಿಳಾಸವನ್ನು ಹಂಚಿಕೊಳ್ಳುತ್ತವೆ, ಹೊರಗಿನವರು ತಾವಾಗಿ ಬಂದು ತಟ್ಟಲು ಆಗುವುದಿಲ್ಲ. ಇದನ್ನೇ ಸಂಪೂರ್ಣ ರಕ್ಷಣೆ ಎಂದು ನಾನು ಹೇಳಿಲ್ಲ, ಯಾಕೆಂದರೆ ಅದೇ ಕಂಪನಿಯ ಜಾಲದೊಳಗಿನ ಇನ್ನೊಂದು ಮನೆಯ ಸೋಂಕು ತಗುಲಿದ ಸಾಧನ ಆಗಲೂ 7547 ನ್ನು ಮುಟ್ಟಬಹುದಿತ್ತು. ಅದಕ್ಕೇ ಆ ಪತ್ರವನ್ನು ಕೈಬಿಡಲಿಲ್ಲ. ನಾಲ್ಕನೆಯ ಪತ್ರದ ನಂತರ, ಸೆಪ್ಟೆಂಬರ್‌ನಲ್ಲಿ, ಅವರು ಅದನ್ನು ತಮ್ಮ ಸರ್ವರ್‌ಗೆ ಮಾತ್ರ ಸೀಮಿತಗೊಳಿಸಿದರು. ಅದೇ ಕಂಪನಿಯ ಸಂಪರ್ಕವಿರುವ ನನ್ನ ಇನ್ನೊಬ್ಬ ಗಿರಾಕಿಯ ಮನೆಯಿಂದ ಪರೀಕ್ಷಿಸಿದಾಗ ಉತ್ತರ ಬರಲಿಲ್ಲ.

ಹೊರಡುವ ಮುಂಚೆ ಯಜಮಾನರ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ: ಯಾವ ಸಾಧನ, ಅದರ ವಿಳಾಸ, ಯಾವುದು ಆರಿರಬೇಕು, ಯಾವುದು ಹಾಕಿರಬೇಕು, ಯಾವ ದಿನ ಯಾರು ಮಾಡಿದರು. ಅಕ್ಟೋಬರ್‌ನ ಒಂದು ಸಂಜೆ ಸಿಡಿಲಿಗೆ ಮೋಡೆಮ್ ಮತ್ತೆ ಸುಟ್ಟಿತು. ಮರುದಿನ ಹೊಸದನ್ನು ತಂದ ಹುಡುಗ ಕೆಲಸ ಮುಗಿಸಿ ಚೀಲ ಕಟ್ಟಿಕೊಳ್ಳುವಾಗ ಯಜಮಾನರು ಅವನನ್ನು ಕೂರಿಸಿ, ಚಹಾ ಕೊಟ್ಟು, ಆ ಪುಟ ತೆಗೆದರಂತೆ. ನನಗೆ ಕರೆ ಬಂದಾಗ ಹುಡುಗ ಪರದೆ ನೋಡಿ ಒಂದೊಂದನ್ನೇ ಓದುತ್ತಿದ್ದ, ಅವರು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದರು. “ತಮಾ, ಡಿಎಂಜಡ್ ಖಾಲಿ ಇದ್ದು,” ಎಂದು ನನಗೆ ಹೇಳಿ, ಮುಂದಿನ ಸಾಲು ಓದು ಎಂದು ಅವನಿಗೆ ಹೇಳಿದರು.